ಮೋಟೆಲ್ ಹಿಂದಿನ ಮಹಾರಣ್ಯ

"ಬಂಡೆ ಅದೇ ಮೇಡಂ," ಎಂದ ಜೆರಾರ್. ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಹೇಳುವವನ ದನಿ ಅದು.

ಡಿಟೆಕ್ಟಿವ್ ಸಾರ್ಜೆಂಟ್ ಇಲ್ಮಾ ಕೊಸ್ಕಿ ಅವನ ಕೈಯಿಂದ ಮೊಬೈಲ್ ಕಿತ್ತುಕೊಂಡು ಎದುರಿನ ಬಂಡೆಯ ಪಕ್ಕಕ್ಕೆ ಹಿಡಿದಳು. ಎರಡರಲ್ಲೂ ಒಂದೇ ಬಿಳಿ ಗೆರೆ, ಎಡಗಡೆ ಸಿಡಿಲು ಸೀಳಿದ ಅದೇ ಸ್ಪ್ರೂಸ್ ಮರ. ಪರದೆಯೊಳಗಿನ ಬಂಡೆಯ ಮೇಲೆ ಗಡ್ಡದ ಗಂಡಸೊಬ್ಬ ಮಂಡಿ ಅಪ್ಪಿಕೊಂಡು ಕೂತು, ಗರ್ಭಗುಡಿಯಲ್ಲಿ ಮಾತಾಡುವವನಂತೆ ಮೆಲ್ಲಗೆ ಹೇಳುತ್ತಿದ್ದ: "ಇಲ್ಲಿಂದ ಎಷ್ಟೇ ದೂರ ನಡೆದರೂ ನರಪಿಳ್ಳೆ ಸಿಗೋದಿಲ್ಲ. ನಾನು, ಈ ಕಾಡು, ನನ್ನ ಬರಿಗೈ. ಅಷ್ಟೇ."

ಇಲ್ಮಾ ಹಿಂದಕ್ಕೆ ತಿರುಗಿದಳು. ಮರಗಳ ಸಂದಿಯಲ್ಲಿ ಬಾಲ್ಸಮ್ ಮೋಟೆಲ್ಲಿನ ಹಿಂಗೋಡೆ ಕಾಣುತ್ತಿತ್ತು. ಗೋಡೆಯಿಂದ ಹೊರಬಂದ ತಗಡಿನ ಕೊಳವೆ, ಒಳಗೆ ಬಟ್ಟೆ ಒಣಗಿಸುವ ಯಂತ್ರ ತಿರುಗಿದಾಗೆಲ್ಲ ಬಿಸಿಗಾಳಿ ಉಗುಳಿ ಊಳಿಡುತ್ತಿತ್ತು.

"ಮೂರನೇ ಕಂತಲ್ಲಿ 'ಉತ್ತರದ ಗಾಳಿಯ ಗೋಳು' ಅಂತ ಕಣ್ಣಲ್ಲಿ ನೀರು ತಂದುಕೊಂಡು ಹೇಳ್ತಾನಲ್ಲ," ಎಂದಳು ಇಲ್ಮಾ. "ಕೇಳಿಸ್ಕೋ. ದುಪ್ಪಟಿ ಒಣಗ್ತಿದೆ."

ಜೆರಾರ್ ಬೋಪ್ರೆ ಕಿವಿಗೊಟ್ಟು ಕೇಳಿದ. ನಲವತ್ತು ದಾಟಿದ ಪೇದೆ, ಇಬ್ಬರು ಮಕ್ಕಳ ತಂದೆ. 'ಬರಿಗೈಯಲ್ಲಿ ನಲವತ್ತು ದಿನ' ಸರಣಿಯ ಒಂದು ಕಂತನ್ನೂ ಅವನ ಮನೆಯವರು ತಪ್ಪಿಸಿದವರಲ್ಲ. ಆ ಸರಣಿಯ ವೀರ ವೇಲನ್ ಟ್ರಾಸ್ಕ್ ಕಾಡಿನಲ್ಲಿ ಕಾಣೆಯಾಗಿದ್ದಾನೆಂದು, ಇದೇ ಮೋಟೆಲ್ಲಿನಲ್ಲಿ ತಂಗಿದ್ದ ಟ್ರಾಸ್ಕ್‌ನ ಹೆಂಡತಿ ಬ್ರಿನ್ ದೂರು ಕೊಟ್ಟು ನಾಲ್ಕು ದಿನವಾಗಿತ್ತು.

ಆ ನಾಲ್ಕು ದಿನ ಒಂದೇ ಒಂದು ಹೆಲಿಕಾಪ್ಟರ್ ಉತ್ತರದ ಹೆರಾನ್ ಕೆರೆಯ ಸುತ್ತ ಗಿರಕಿ ಹೊಡೆಯುತ್ತಲೇ ಇತ್ತು. ಗಂಡ ಬಿಡಾರ ಹೂಡಿದ್ದು ಅಲ್ಲೇ ಎಂದು ಹೆಂಡತಿ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ್ದಳು.

ನಿನ್ನೆ ಸಂಜೆ ಇಲ್ಮಾ ಕೊನೆಯ ವಿಡಿಯೋವನ್ನು ಕಣ್ಣು ಮುಚ್ಚಿಕೊಂಡು ಕೇಳಿದ್ದಳು. ನೋಡಿದರೆ ಅವನ ಗಡ್ಡ, ಅವನ ನೋಟ, ಹಿನ್ನೆಲೆಯ ಪಿಟೀಲು ದಾರಿ ತಪ್ಪಿಸುತ್ತವೆ. ಬರೀ ಕೇಳಿದಾಗ, ಪಿಟೀಲಿನ ಅಡಿಯಲ್ಲಿ ಎಲ್ಲೋ ದೂರ ಗಡಗಡ ಎಂಬ ಸದ್ದು. ಭಾರದ ಲಾರಿ ಇಳಿಜಾರಿನಲ್ಲಿ ಇಂಜಿನ್ ಬಲದಿಂದ ವೇಗ ತಡೆಯುವ ಸದ್ದು. ಈ ಹೆದ್ದಾರಿಯಲ್ಲಿ ಅಂಥ ಇಳಿಜಾರು ಇರುವುದು ಬಾಲ್ಸಮ್ ಮೋಟೆಲ್ ಮುಂದೆ ಮಾತ್ರ. ಇಲ್ಮಾ ಹುಟ್ಟಿದ್ದು ಆ ಸದ್ದು ಕೇಳಿಸುವ ಮನೆಯಲ್ಲಿ.

ಕುತ್ತಿಗೆಯ ಮೇಲೆ ಕರಿನೊಣವೊಂದು ಕಚ್ಚಿತು. ಅವಳು ಪಟ್ಟನೆ ಹೊಡೆದುಕೊಂಡಳು. ಬೆರಳಿಗೆ ರಕ್ತ ಅಂಟಿತು. ಜೂನ್ ತಿಂಗಳು ಬಂತೆಂದರೆ ಇಲ್ಲಿ ಮೂಸ್ ಪ್ರಾಣಿಗಳು ಕೂಡ ನೊಣದ ಕಾಟಕ್ಕೆ ಹುಚ್ಚು ಹಿಡಿದಂತೆ ರಸ್ತೆಗೆ ಓಡಿಬರುತ್ತವೆ. ವೇಲನ್ ಟ್ರಾಸ್ಕ್ ಮಾತ್ರ ವಿಡಿಯೋದಲ್ಲಿ ಬರಿಮೈಯಲ್ಲಿ ಕೂತು ತತ್ತ್ವ ಹೇಳುತ್ತಾನೆ. ಮೈಮೇಲೆ ಒಂದು ನೊಣವಿಲ್ಲ.

"ಅದೇ ನನಗೆ ಅರ್ಥ ಆಗ್ತಿಲ್ಲ," ಎಂದಳು. "ನೊಣಕ್ಕೇನು ಲಂಚ ಕೊಟ್ಟಿದ್ನಾ?"

ಪೊದೆಯ ಹಿಂದೆ ಹೋಗಿದ್ದ ಜೆರಾರ್ ಕೂಗಿದ. "ಮೇಡಂ, ಇಲ್ಲಿ ಬನ್ನಿ."

ಕಿತ್ತಳೆ ಬಣ್ಣದ ವಿದ್ಯುತ್ ತಂತಿಯೊಂದು ಮೋಟೆಲ್ಲಿನ ಗೋಡೆಯಿಂದ ಪಾಚಿಯ ಅಡಿಯಲ್ಲಿ ಹಾವಿನಂತೆ ಹರಿದು ಬಂದಿತ್ತು. ತುದಿಯಲ್ಲಿ ಹಸಿರು ಬಟ್ಟೆ ಹೊದಿಸಿದ ಎತ್ತರದ ಫ್ಯಾನು. ಗಾಳಿ ಬೀಸಿದರೆ ಕರಿನೊಣ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಅವನ ಕೂದಲು ಎಲ್ಲ ಕಂತಿನಲ್ಲೂ ಒಂದೇ ದಿಕ್ಕಿಗೆ ಹಾರುತ್ತಿತ್ತು.

"ಫ್ಯಾನು," ಎಂದ ಜೆರಾರ್. "ಅರಣ್ಯದಲ್ಲಿ ಫ್ಯಾನು ಹಾಕ್ಕೊಂಡು..." ಅವನು ಮಾತು ಮುಗಿಸದೆ ಮುಖ ಒರೆಸಿಕೊಂಡ. "ನಮ್ಮ ಚಿಕ್ಕವಳು ನಾಲ್ಕು ದಿನದಿಂದ ಊಟಕ್ಕೆ ಮುಂಚೆ ಅವನಿಗೋಸ್ಕರ ಪ್ರಾರ್ಥನೆ ಮಾಡ್ತಿದಾಳೆ ಮೇಡಂ."

"ಮಾಡ್ಲಿ ಬಿಡು. ಫ್ಯಾನಿಗೂ ಸೇರಿಸಿ ಮಾಡು ಅನ್ನು."

ಅವಳಿಗೆ ನಗು ಬರಲಿಲ್ಲ. ಕಳೆದ ಅಕ್ಟೋಬರ್‌ನಲ್ಲಿ ದಕ್ಷಿಣದ ಕಾಲೇಜೊಂದರ ಇಬ್ಬರು ಹುಡುಗಿಯರು ಇದೇ ಸರಣಿ ನೋಡಿ, ಬೆಂಕಿಪೊಟ್ಟಣವೂ ಇಲ್ಲದೆ ಕಾಡು ಹೊಕ್ಕಿದ್ದರು. ಅವರನ್ನು ಹೊತ್ತು ತಂದವಳು ಇಲ್ಮಾ. ಒಬ್ಬಳ ಎಡಗಾಲಿನ ಬೆರಳುಗಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರು. ಆ ಹುಡುಗಿ ಅರೆಪ್ರಜ್ಞೆಯಲ್ಲೂ ಗೊಣಗುತ್ತಿದ್ದಳು: "ಅವನು ಮಾಡಿದ್ದನ್ನೇ ಮಾಡಿದ್ವಿ. ಸೌದೆ ಉರೀಲೇ ಇಲ್ಲ."

ಇಲ್ಮಾಳ ಜೇಬಿನಲ್ಲಿ ಫೋನು ಗುರುಗುಟ್ಟಿತು. ಯಾರದೆಂದು ನೋಡದೆಯೇ ಅವಳಿಗೆ ಗೊತ್ತಾಯಿತು.

"ರಾಕ್ಸಾನ್, ಇನ್ನೂ ಏನೂ ಗೊತ್ತಾಗಿಲ್ಲಮ್ಮ," ಎಂದಳು.

"ಮೇಡಂ, ನಮ್ಮಪ್ಪ ಶಾಪಿಂಗ್ ಮಾಲಲ್ಲೇ ದಾರಿ ತಪ್ಪಿಸ್ಕೊಳ್ಳೋರು!" ಆ ಕಡೆಯ ಹೆಂಗಸು ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು. "ನಲವತ್ತು ವರ್ಷ ಶಾಲೆ ಬಸ್ಸು ಓಡಿಸಿದಾರೆ, ಒಂದೇ ರೂಟಲ್ಲಿ. ಅರವತ್ತಾರು ವಯಸ್ಸು. ಹೃದಯದ ಮಾತ್ರೆ ಕಾರಲ್ಲೇ ಬಿಟ್ಟಿದಾರೆ ಅಂತ ನಿಮ್ಮೋರೇ ಹೇಳಿದ್ರು. ಇನ್ನೊಂದು ಹೆಲಿಕಾಪ್ಟರ್ ತರಿಸಕ್ಕಾಗಲ್ವಾ?"

"ಇರೋದೇ ಒಂದು."

"ಅದು ಆ ಗಡ್ಡದೋನನ್ನ ಹುಡುಕ್ತಿದೆ. ನಮ್ಮಪ್ಪಂಗೆ ಗಡ್ಡ ಇಲ್ಲ, ಅದಕ್ಕೇನಾ?"

ಮತ್ತೆ ಫೋನ್ ಮಾಡುತ್ತೇನೆಂದು ಹೇಳಿ ಇಲ್ಮಾ ಫೋನನ್ನು ಜೇಬಿಗಿಳಿಸಿದಳು.

ರಾಕ್ಸಾನ್‌ಳ ಅಪ್ಪ ಎವರೆಟ್ ನಾಡೋ ಸಡ್ಬರಿ ಪಟ್ಟಣದಿಂದ ಒಬ್ಬನೇ ಕಾರು ಓಡಿಸಿಕೊಂಡು ಬಂದಿದ್ದ. ವೇಲನ್‌ನನ್ನು ಹುಡುಕಲು ದೇಶದ ಮೂಲೆಮೂಲೆಯಿಂದ ಬಂದ ಅಭಿಮಾನಿಗಳಲ್ಲಿ ಅವನೂ ಒಬ್ಬ. ಹೆರಾನ್ ಕೆರೆಯ ದಾರಿಯಲ್ಲಿ ಪೊಲೀಸರು ಎಲ್ಲರನ್ನೂ ತಡೆದು ವಾಪಸ್ ಕಳಿಸಿದರು. ಮಿಕ್ಕವರು ಗೊಣಗಿಕೊಂಡು ಊರಿನ ಡೋನಟ್ ಅಂಗಡಿಗೆ ಹೋದರು. ಎವರೆಟ್ ಮಾತ್ರ ಮೊನ್ನೆ ಬೆಳಿಗ್ಗೆ ಸುತ್ತು ಬಳಸಿ ಪೂರ್ವದ ಮಡ್ ಲೇಕ್ ರಸ್ತೆಗೆ ಹೋಗಿ, ಕಾರು ನಿಲ್ಲಿಸಿ, ಕಾಡಿನೊಳಗೆ ನಡೆದುಬಿಟ್ಟಿದ್ದ. ಎರಡು ರಾತ್ರಿ ಕಳೆದಿತ್ತು.

ಕಾಣೆಯಾಗದವನಿಗೆ ಹೆಲಿಕಾಪ್ಟರು. ನಿಜವಾಗಿ ಕಾಣೆಯಾದವನಿಗೆ ಕಾಲ್ನಡಿಗೆಯ ನಾಲ್ಕು ಜನ.

"ಬಾ," ಎಂದಳು ಜೆರಾರ್‌ಗೆ. "ಒಂಬತ್ತನೇ ಕೋಣೆಯ ಮಹಾರಾಣಿಯವರ ದರ್ಶನ ಮಾಡೋಣ."

ಮೋಟೆಲ್ ಯಜಮಾನ ಡುಗಾಲ್ ಮುದುಕ ಕಚೇರಿಯ ಮುಂದೆ ಕೂತು ಮೀನಿನ ಬಲೆ ಬಿಡಿಸುತ್ತಿದ್ದ. ಇಲ್ಮಾಳನ್ನು ಕಂಡು ಕಣ್ಣು ತಪ್ಪಿಸಿದ.

"ಡುಗಾಲ್ ಮಾವ, ಒಂಬತ್ತನೇ ಕೋಣೇಲಿ ಎಷ್ಟು ದಿನದಿಂದ ಇದಾರೆ ಅವರು?"

"ಅವರು ಅಂದ್ರೆ? ಆ ಹುಡುಗಿ ಒಬ್ಬಳೇ..."

"ಮಾವ."

ಮುದುಕ ಬಲೆ ಕೆಳಗಿಟ್ಟ. "ಹೋದ ವರ್ಷ ಏಪ್ರಿಲ್‌ನಿಂದ. ಗಂಡ ಹೆಂಡತಿ ಇಬ್ಬರೂ. ದಿನಾ ಬೆಳಿಗ್ಗೆ ಪ್ಯಾನ್‌ಕೇಕ್ ತಿಂದು ಹಿಂದುಗಡೆ ಹೋಗೋನು, ಮಧ್ಯಾಹ್ನ ಊಟಕ್ಕೆ ಬರೋನು. ಮುಖಕ್ಕೆ ಮಸಿ ಬಳ್ಕೊಂಡೇ ಊಟ ಮಾಡೋನು, ಮತ್ತೆ ಬಳಿಯೋದು ಕಷ್ಟ ಅಂತ." ಅವನು ಕೆಮ್ಮಿದ. "ಸಿನಿಮಾದೋರು ಅಂದ್ಕೊಂಡೆ ಕಣಮ್ಮ. ಸಿನಿಮಾದಲ್ಲಿ ಸುಳ್ಳು ಇರೋದು ಸಹಜ ತಾನೆ?"

"ಕಾಣೆಯಾಗಿದಾನೆ ಅಂತ ಟಿವೀಲಿ ಬಂದಾಗ?"

"ಆಮೇಲೆ ನಿಜವಾದ ಕಾಡಿಗೆ ಹೋಗಿರ್ಬೋದು ಅಂದ್ಕೊಂಡೆ," ಎಂದ ಮುದುಕ, ತಾನೇ ನಂಬದ ದನಿಯಲ್ಲಿ.

ಒಂಬತ್ತನೇ ಕೋಣೆಯ ಪರದೆ ಅರ್ಧ ಸರಿದಿತ್ತು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಇಲ್ಮಾ ತಡೆದಳು.

ಒಳಗೆ ಬ್ರಿನ್ ಟ್ರಾಸ್ಕ್ ಮಂಚದ ಅಂಚಿಗೆ ಕೂತಿದ್ದಳು. ಎದುರಿಗೆ ಕ್ಯಾಮೆರಾ, ಅದರ ಹಿಂದೆ ಬಳೆಯಾಕಾರದ ದೀಪ. ಗಂಡನ ಉಣ್ಣೆಯ ಅಂಗಿ ತೊಟ್ಟಿದ್ದಳು. ತೋಳು ಉದ್ದವಾಗಿ ಬೆರಳುಗಳನ್ನು ಮುಚ್ಚಿತ್ತು. ತುಟಿ ನಡುಗುತ್ತಿತ್ತು.

"ವೇಲನ್, ನೀನು ಎಲ್ಲೇ ಇದ್ರೂ..." ಬಿಕ್ಕು. "ಇದನ್ನ ನೋಡ್ತಿರೋ ಪ್ರತಿಯೊಬ್ಬರಿಗೂ ಕೈಮುಗಿದು ಕೇಳ್ಕೋತೀನಿ, ಅವನನ್ನ ಹುಡುಕಿಕೊಡಿ..." ಎರಡು ಹನಿ ಕೆನ್ನೆಯ ಮೇಲೆ ಉರುಳಿದವು.

ಅವಳು ಎದ್ದಳು. ಕ್ಯಾಮೆರಾದೊಳಗೆ ಇಣುಕಿದಳು. ಮೂಗು ಸೊಟ್ಟ ಮಾಡಿ ದೀಪವನ್ನು ಒಂದಿಷ್ಟು ಎಡಕ್ಕೆ ಸರಿಸಿದಳು. ಕೆನ್ನೆ ಒರೆಸಿಕೊಂಡು, ಕೂದಲ ಎಳೆಯೊಂದನ್ನು ಹಣೆಗೆ ಎಳೆದುಕೊಂಡು ಮತ್ತೆ ಕೂತಳು.

"ವೇಲನ್, ನೀನು ಎಲ್ಲೇ ಇದ್ರೂ..."

ಬಿಕ್ಕು ಅದೇ ಜಾಗದಲ್ಲಿ ಬಂತು. ಕಣ್ಣೀರೂ.

ಮೂರನೇ ಬಾರಿ ಅವಳು ದೀಪ ಸರಿಸಲು ಎದ್ದಾಗ ಇಲ್ಮಾ ಬಾಗಿಲು ತಟ್ಟಿದಳು. "ಎರಡನೇದು ಚೆನ್ನಾಗಿತ್ತು," ಎಂದು ಒಳಗೆ ಬಂದಳು. "ಮೊದಲನೇದರಲ್ಲಿ ಮೂಗು ಹೊಳೀತಿತ್ತು."

ಬ್ರಿನ್ ಬೆಚ್ಚಲಿಲ್ಲ. ಕೈ ಎದೆಗೆ ಹೋಯಿತು. "ಆಫೀಸರ್! ಏನಾದ್ರೂ ಸುದ್ದಿ ಸಿಕ್ತಾ?"

"ಸಿಕ್ತು. ಬಂಡೆ ಸಿಕ್ತು."

"ಯಾವ ಬಂಡೆ?"

"ನರಪಿಳ್ಳೆ ಇಲ್ಲದ ಬಂಡೆ. ಪಕ್ಕದಲ್ಲಿ ಫ್ಯಾನೂ ಸಿಕ್ತು."

ಬ್ರಿನ್ ಕಿಟಕಿಯತ್ತ ನೋಡಿ, ಜೆರಾರ್‌ನತ್ತ ನೋಡಿ, ಮತ್ತೆ ಇಲ್ಮಾಳತ್ತ ತಿರುಗಿದಳು. "ಒಂದೆರಡು ದೃಶ್ಯ ಇಲ್ಲಿ ತೆಗೆದಿದ್ವಿ, ನಿಜ. ಅಭ್ಯಾಸಕ್ಕೆ ಅಂತ. ಮಿಕ್ಕಿದ್ದೆಲ್ಲಾ ಹೆರಾನ್ ಕೆರೇಲೇ..."

ಇಲ್ಮಾ ಮೊಬೈಲನ್ನು ಅವಳ ಮೂಗಿನ ಮುಂದೆ ಹಿಡಿದಳು. ಅದರಲ್ಲಿ ವೇಲನ್ ಸೊಂಟದವರೆಗೆ ನೀರಲ್ಲಿ ನಿಂತು, ಬರಿಗೈಯಲ್ಲಿ ಹಿಡಿದ ಮೀನನ್ನು ಆಕಾಶಕ್ಕೆತ್ತಿ ಗರ್ಜಿಸುತ್ತಿದ್ದ.

"ಇದೂ ಹೆರಾನ್ ಕೆರೇನಾ?"

"ಹೌದು. ಆರು ಗಂಟೆ ಕಾದು ಹಿಡಿದದ್ದು."

"ಎಲ್ಲಿ ಕಾದ? ಅಂಗಡಿ ಬಿಲ್ಲಿನ ಸಾಲಲ್ಲಾ? ಮೀನಿನ ಬಾಲ ನೋಡಮ್ಮ. ರೆಕ್ಕೆ ಎಲ್ಲಾ ಸವೆದು ಮೊಂಡಾಗಿದೆ. ಕೆರೆ ಮೀನಿನ ರೆಕ್ಕೆ ಬೀಸಣಿಗೆ ತರ ಬಿಚ್ಕೊಂಡಿರುತ್ತೆ. ಇದು ಸಿಮೆಂಟ್ ತೊಟ್ಟಿಗೆ ಮೈ ಉಜ್ಜಿಕೊಂಡು ಬೆಳೆದ ಸಾಕಿದ ಮೀನು. ಅದೂ ಸತ್ತದ್ದು. ಇಷ್ಟು ಜೋರಾಗಿ ಗರ್ಜಿಸಿದ್ರೂ ಪಾಪ ಅದು ಮಿಸುಕಾಡ್ತಿಲ್ಲ."

ಜೆರಾರ್ ನೆಲ ನೋಡಿದ. ಆ ಮೀನಿನ ಕಂತಿಗೆ ಅವನ ಮನೆಯಲ್ಲಿ ಚಪ್ಪಾಳೆ ತಟ್ಟಿದ್ದರು.

ಬ್ರಿನ್ ತೋಳು ಮಡಚಿ ಗೋಡೆಗೊರಗಿದಳು. ಮುಖದ ಮೇಲಿದ್ದ ದುಃಖ, ಕೆಲಸ ಮುಗಿದ ಮೇಲೆ ತೆಗೆದಿಟ್ಟ ಅಂಗಿಯಂತೆ, ಎಲ್ಲೋ ಹೋಯಿತು. ಅದರ ಜಾಗದಲ್ಲಿ ಬಂದದ್ದು ಬೇಸರ.

"ಸರಿ. ಸುಳ್ಳೇ ಅನ್ಕೊಳ್ಳಿ. ಸುಳ್ಳು ವಿಡಿಯೋ ಮಾಡೋದು ಯಾವ ಕಾನೂನಿನ ಪ್ರಕಾರ ಅಪರಾಧ?"

"ಅಪರಾಧ ಅಲ್ಲ. ಸುಳ್ಳು ದೂರು ಕೊಡೋದು ಅಪರಾಧ."

"ಸುಳ್ಳು ದೂರು ಅಂತ ಯಾರು ಹೇಳಿದ್ರು?"

"ನೀನೇ ಹೇಳ್ತೀಯ. ಕೂತ್ಕೊಂಡು ನಿಧಾನಕ್ಕೆ ಹೇಳು ಅನ್ನೋಣ ಅಂದ್ರೆ ಟೈಮಿಲ್ಲ."

"ನಿಮಗೆ ನಮ್ಮನ್ನ ಕಂಡ್ರೆ ಹೊಟ್ಟೆ ಉರಿ." ಬ್ರಿನ್‌ಳ ದನಿಯಲ್ಲಿ ಈಗ ಉಪ್ಪು ಖಾರ ಎಲ್ಲ ಬಂದಿತ್ತು. "ನೀವು ಇಡೀ ಜೀವಮಾನ ಈ ಕಾಡಲ್ಲೇ ಕಳೆದಿದೀರಿ. ಯಾರು ನೋಡಿದಾರೆ ನಿಮ್ಮನ್ನ? ನಿಜವಾದ ಕಾಡು ತೋರಿಸಿದ್ರೆ ಯಾರು ನೋಡ್ತಾರೆ ಹೇಳಿ? ಮೊದಲ ವರ್ಷ ನಾವೂ ನಿಜವಾಗಿಯೇ ಹೋಗಿದ್ವಿ. ಎರಡು ದಿನ ಮಳೆ. ಅವನಿಗೆ ಭೇದಿ. ಡೇರೆಯೊಳಗೆ ಮಲಕ್ಕೊಂಡು ಅಮ್ಮಾ ಅಂತ ಅಳ್ತಿದ್ದ. ಅದನ್ನೇ ಹಾಕಿದ್ವಿ. ಹನ್ನೊಂದು ಜನ ನೋಡಿದ್ರು. ಅದರಲ್ಲಿ ಒಬ್ಬರು ಅವರಮ್ಮ."

ಇಲ್ಮಾ ಜೇಬಿಗೆ ಕೈ ಹಾಕಿದಳು. ಈ ಕೋಣೆಯಲ್ಲಿ ಇದುವರೆಗೆ ಕೇಳಿದ ಮೊದಲ ನಿಜ ಅದು.

"ಜನಕ್ಕೆ ಏನು ಬೇಕೋ ಅದನ್ನ ಕೊಡ್ತಿದೀವಿ," ಎಂದಳು ಬ್ರಿನ್. "ಅವರಿಗೂ ಗೊತ್ತಿರುತ್ತೆ. ದೊಡ್ಡೋರಿಗೆ ಅಷ್ಟೂ ಗೊತ್ತಾಗಲ್ವಾ? ಯಾರೂ ನಿಜ ಅಂತ ನಂಬಲ್ಲ."

ಇಲ್ಮಾ ಜೇಬಿನಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಹಳದಿ ಬಸ್ಸಿನ ಮುಂದೆ ನಿಂತ, ಅಗಲ ಕಿವಿಯ, ನಾಚಿಕೆಯ ನಗುವಿನ ಮುದುಕ.

"ಇವರು ನಂಬಿದ್ರು."

ಬ್ರಿನ್ ಫೋಟೋ ಎತ್ತಿಕೊಳ್ಳಲಿಲ್ಲ. ಆದರೆ ಕಣ್ಣು ಅದರ ಮೇಲೆ ನಿಂತಿತು. "ಇವರು... ಎವರೆಟ್ ಅಲ್ವಾ? ಸಡ್ಬರಿ ಎವರೆಟ್. ಎಲ್ಲ ವಿಡಿಯೋಗೂ ಮೊದಲು ಬರೆಯೋರು ಇವರೇ."

"ಏನು ಬರೀತಾರೆ?"

"ಒಳ್ಳೊಳ್ಳೇ ಮಾತು. ಹೆಂಡತಿಗೆ ಕ್ಯಾನ್ಸರ್ ಇತ್ತು. ಆಸ್ಪತ್ರೇಲಿ ಇಬ್ಬರೂ ಒಟ್ಟಿಗೆ ನಮ್ಮ ವಿಡಿಯೋ ನೋಡ್ತಿದ್ರಂತೆ. ಜನವರೀಲಿ ತೀರ್ಕೊಂಡ್ರು ಅಂತ ಬರೆದಿದ್ರು. 'ವೇಲನ್ ಒಬ್ಬನೇ ಬದುಕಬಲ್ಲ ಅಂದಮೇಲೆ ನಾನೂ ಬದುಕ್ತೀನಿ' ಅಂತ."

"ನೀನೇನು ಬರೆದೆ?"

ಬ್ರಿನ್ ತಡವರಿಸಿದಳು. "ಒಂದು ಹೃದಯ ಹಾಕಿದೆ."

"ಹೃದಯ."

"ದಿನಕ್ಕೆ ಸಾವಿರಾರು ಬರುತ್ತೆ ಆಫೀಸರ್. ಎಲ್ಲರಿಗೂ ಬರೆಯೋಕಾಗುತ್ತಾ?"

"ಎವರೆಟ್ ನಾಡೋ ನಿನ್ನ ಗಂಡನನ್ನ ಹುಡುಕ್ಕೊಂಡು ಮೊನ್ನೆ ಕಾಡಿಗೆ ಹೋದ್ರು. ವಾಪಸ್ ಬಂದಿಲ್ಲ. ಅವರ ಹೃದಯ ಅಷ್ಟು ಗಟ್ಟಿಯಿಲ್ಲ, ಮಾತ್ರೆ ಕಾರಲ್ಲೇ ಬಿದ್ದಿದೆ. ಹೆಲಿಕಾಪ್ಟರ್ ನಿನ್ನ ಬೆರಳು ತೋರಿಸಿದ ಕಡೆ ಖಾಲಿ ಕೆರೆ ಸುತ್ತುತಿದೆ." ಇಲ್ಮಾ ಮುಂದಕ್ಕೆ ಬಾಗಿದಳು. ದನಿ ಏರಿಸಲಿಲ್ಲ. "ನಿನ್ನ ಗಂಡ ಎಲ್ಲಿ ಬಿದ್ಕೊಂಡಿದಾನೆ ಅಂತ ಈಗ ಹೇಳಿದ್ರೆ, ಆ ಹೆಲಿಕಾಪ್ಟರ್ ಮುದುಕನ ಕಡೆ ತಿರುಗುತ್ತೆ. ಹೇಳ್ದೆ ಇದ್ರೆ, ನಾಳೆ ಅವರ ಹೆಣದ ಪಕ್ಕ ನಿಂತು ಅಳೋಕೆ ನಿನಗೆ ದೀಪ ಬೇಕಾಗಲ್ಲ. ನಾನೇ ನಿನ್ನನ್ನ ಟಿವಿಯೋರ ಬೆಳಕಿಗೆ ನಿಲ್ಲಿಸ್ತೀನಿ."

ಜೆರಾರ್ ಬಾಗಿಲ ಹತ್ತಿರದಿಂದ ಮೊದಲ ಬಾರಿ ಬಾಯಿಬಿಟ್ಟ. "ಹೇಳಿಬಿಡಿ ತಾಯಿ. ನಿಮ್ಮ ಕಾಲಿಗೆ ಬೀಳ್ತೀನಿ."

ಬಯ್ಗುಳಕ್ಕೆ ಬಗ್ಗದ ಬ್ರಿನ್ ಈ ಬೇಡಿಕೆಗೆ ಕುಸಿದಳು. ಮಂಚದ ಮೇಲೆ ಕೂತು ಬಳೆದೀಪದ ಗುಂಡಿ ಒತ್ತಿ ಆರಿಸಿದಳು. ಆ ಬೆಳಕು ಹೋದ ಮೇಲೆ ಮೂವತ್ತರ ಹೆಂಗಸಿನ ಮುಖ ನಲವತ್ತೈದರಂತೆ ಕಂಡಿತು.

"ಚೆನ್ನಾಗಿದಾನೆ ಅವನು. ಬೇಟೆಗಾರರ ಒಂದು ಮರದ ಮನೆ ಬಾಡಿಗೆಗೆ ಹಿಡಿದಿದೀವಿ. ಎಂಟನೇ ದಿನ ಅವನೇ ನಡೆದುಕೊಂಡು ಹೆದ್ದಾರಿಗೆ ಬರೋದು ಅಂತ ಮಾತಾಗಿತ್ತು. ಟಿವಿಯೋರೆಲ್ಲಾ ಇರ್ತಿದ್ರು. ಇಷ್ಟು ಜನ ಬರ್ತಾರೆ ಅಂತ ನನಗೇನು ಗೊತ್ತು?"

"ಎಲ್ಲಿದೆ ಆ ಮನೆ?"

"ಮಡ್ ಲೇಕ್ ಹತ್ತಿರ."

ಇಲ್ಮಾ ಮತ್ತು ಜೆರಾರ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎವರೆಟ್‌ನ ಕಾರು ನಿಂತಿದ್ದುದು ಅದೇ ರಸ್ತೆಯಲ್ಲಿ.

ಹೆಲಿಕಾಪ್ಟರನ್ನು ಪೂರ್ವಕ್ಕೆ ತಿರುಗಿಸಲು ಇಲ್ಮಾ ರೇಡಿಯೋದಲ್ಲಿ ಹೇಳುತ್ತಿದ್ದಾಗ, ಆ ಕಡೆಯ ಅಧಿಕಾರಿ ಬೈದ ಬೈಗುಳ ವಾಹನದ ಹಿಂದಿನ ಸೀಟಿನವರೆಗೂ ಕೇಳಿಸಿತು. ಹಿಂದಿನ ಸೀಟಿನಲ್ಲಿ ಬ್ರಿನ್ ಚೀಲ ತಬ್ಬಿಕೊಂಡು ಕೂತಿದ್ದಳು.

ಮಣ್ಣು ರಸ್ತೆಯಲ್ಲಿ ಗುಂಡಿಗೊಂದು ಕುಲುಕಾಟ. ಕಿಟಕಿ ಗಾಜಿಗೆ ಕರಿನೊಣ ಮಳೆಯಂತೆ ಬಡಿಯುತ್ತಿತ್ತು.

"ಅವನಿಗೆ ಫೋನ್ ಮಾಡು. ಬರ್ತಿದೀವಿ ಅನ್ನು," ಎಂದಳು ಇಲ್ಮಾ.

"ಇಲ್ಲಿ ಸಿಗ್ನಲ್ ಇಲ್ಲ."

"ಗೊತ್ತು. ಅದಕ್ಕೇ ನಿನ್ನ ಹತ್ತಿರ ಇನ್ನೊಂದು ಇದ್ದೇ ಇರುತ್ತೆ. ತೆಗಿ."

ಬ್ರಿನ್ ಕೆಂಪಾಗಿ ಚೀಲದಿಂದ ಸ್ಯಾಟಲೈಟ್ ಫೋನು ಹೊರತೆಗೆದಳು. ಬರಿಗೈ ವೀರನ ಹತ್ತಿರವೂ ಇದರ ಜೋಡಿ ಇತ್ತಂತೆ. ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು.

"ಮಲಗಿರ್ತಾನೆ," ಎಂದಳು. "ಮಧ್ಯಾಹ್ನ ಮಲಗೋದು ಅವನಿಗೆ ಅಭ್ಯಾಸ."

ಮರದ ಮನೆ ಕೆರೆಯ ಅಂಚಿನಲ್ಲಿತ್ತು. ಜನರೇಟರ್ ಡಬಡಬ ಸದ್ದು ಮಾಡುತ್ತ ಓಡುತ್ತಲೇ ಇತ್ತು. ಬಾಗಿಲು ಹಾರುಹೊಡೆದಿತ್ತು.

ಇಲ್ಮಾ ಪಿಸ್ತೂಲಿನ ಮೇಲೆ ಕೈಯಿಟ್ಟು ಮೊದಲು ಒಳಗೆ ಹೋದಳು. ಯಾರೂ ಇರಲಿಲ್ಲ. ದೊಡ್ಡ ಟಿವಿಯಲ್ಲಿ ವಿಡಿಯೋ ಆಟವೊಂದು ಅರ್ಧಕ್ಕೆ ನಿಂತಿತ್ತು. ಕಾಫಿ ಯಂತ್ರದ ಕೆಂಪು ದೀಪ ಉರಿಯುತ್ತಿತ್ತು. ಮೇಜಿನ ಮೇಲೆ ಎರಡು ತಟ್ಟೆ. ಒಂದರಲ್ಲಿ ಪಿಜ್ಜಾದ ಅಂಚುಗಳು. ಇನ್ನೊಂದರಲ್ಲಿ ಪೂರ್ತಿ ತುಂಡು, ಯಾರೂ ಮುಟ್ಟದ್ದು. ಅದರ ಮುಂದಿನ ಕುರ್ಚಿಯ ಕಾಲಬಳಿ ನೆಲದ ತುಂಬ ಕೆಸರು, ಪೈನ್ ಎಲೆ, ಒಣಗಿದ ರಕ್ತದ ಹನಿಗಳು.

"ಯಾರೋ ಕಾಡಿಂದ ನಡೆದು ಬಂದು ಇಲ್ಲಿ ಕೂತಿದಾರೆ," ಎಂದ ಜೆರಾರ್ ಮೊಣಕಾಲೂರಿ. "ನೊಣ ಕಚ್ಚಿದ ರಕ್ತ ಇರ್ಬೇಕು. ಇವನೇ ಕರೆದು ಊಟಕ್ಕೆ ಕೂರಿಸಿದ ಹಾಗಿದೆ."

"ಮುಟ್ಟಿಲ್ಲ ಆದ್ರೆ." ಇಲ್ಮಾ ಗೋಡೆ ನೋಡುತ್ತಿದ್ದಳು. ಬಾಗಿಲ ಪಕ್ಕದಲ್ಲಿ ಎರಡು ಕೊಕ್ಕೆಗಳಿದ್ದವು. ಅವುಗಳ ನಡುವೆ ಮರದ ಮೇಲೆ, ಉದ್ದಕ್ಕೆ, ಮಸಿ ಹಿಡಿಯದ ಒಂದು ಪಟ್ಟೆ. "ಇಲ್ಲೇನಿತ್ತು?"

"ಕರಡಿ ಬಂದ್ರೆ ಇರಲಿ ಅಂತ ಮನೆಯೋರು ಇಟ್ಟಿದ್ದ ಬಂದೂಕು," ಎಂದಳು ಬ್ರಿನ್. ಅವಳು ಹೊಸ್ತಿಲಲ್ಲೇ ನಿಂತಿದ್ದಳು. ಕೈಯಲ್ಲಿ ಗಂಡಸಿನ ಬೂಟುಗಳ ಒಂದು ಜೋಡಿ. "ಇವು ಇಲ್ಲೇ ಇವೆ. ಜಾಕೆಟ್ಟೂ ಇಲ್ಲೇ ಇದೆ. ಬರಿಗಾಲಲ್ಲಿ ಅವನು ಅಂಗಳಕ್ಕೂ ಇಳಿಯಲ್ಲ. ಆಫೀಸರ್, ಅವನು ಅಂಗಳಕ್ಕೂ..."

ಅವಳ ಮುಖ ವಿಕಾರವಾಗಿ ಮುದುಡಿತ್ತು. ಮೂಗು ಸೋರುತ್ತಿತ್ತು, ಒರೆಸಿಕೊಳ್ಳುವುದು ಅವಳಿಗೆ ನೆನಪಾಗಲಿಲ್ಲ. ಇದನ್ನು ಯಾವ ವಿಡಿಯೋದಲ್ಲೂ ಹಾಕುವಂತಿರಲಿಲ್ಲ.

ಚೀಲದೊಳಗಿನ ಫೋನು ಬಡಿದುಕೊಂಡಿತು.

"ವೇಲನ್!" ಬ್ರಿನ್ ಕಿರುಚಿದಳು. ಇಲ್ಮಾ ಫೋನನ್ನು ಕಿತ್ತುಕೊಂಡು ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದಳು.

"ಮಿಸೆಸ್ ಟ್ರಾಸ್ಕ್?" ಒಡಕು ದನಿ. ಸುಸ್ತಾಗಿತ್ತು, ಆದರೆ ವಿನಯ ಬಿಟ್ಟಿರಲಿಲ್ಲ. "ನಿಮಗೆ ತೊಂದರೆ ಕೊಡ್ತಿದೀನಿ, ಕ್ಷಮಿಸಿ. ನಾನು ಎವರೆಟ್, ಸಡ್ಬರಿಯಿಂದ. ನಿಮ್ಮೋರನ್ನ ಹುಡುಕಿಕೊಡಿ ಅಂತ ಅಳ್ತಾ ಕೇಳ್ಕೊಂಡಿದ್ರಲ್ಲ. ಹುಡುಕಿದೀನಿ."

"ಎವರೆಟ್, ನಾನು ಪೊಲೀಸ್, ಇಲ್ಮಾ ಕೊಸ್ಕಿ. ಎಲ್ಲಿದೀರಿ? ಹುಷಾರಾಗಿದೀರಾ?"

"ನಮಸ್ಕಾರ ಮೇಡಂ. ಹುಷಾರಾಗಿದೀನಿ. ದಾರಿ ತಪ್ಪಿ ಎರಡು ದಿನ ಅಲೆದೆ. ನಿನ್ನೆ ಸಂಜೆ ದೀಪ ಕಾಣಿಸ್ತು, ಬಾಗಿಲು ತಟ್ಟಿದೆ. ಇವರೇ ತೆಗೆದ್ರು. ಬಾಯಲ್ಲಿ ಪಿಜ್ಜಾ ಇತ್ತು." ಹಿಂದೆ ಏನೋ ಕರಕರ ಉಜ್ಜುವ ಸದ್ದು. "ನನ್ನ ಹೆಂಡತಿ ಕೊನೇ ದಿನ ಕೇಳಿದ್ದು ಇವರ ಬಗ್ಗೆ ಮೇಡಂ. ಚಳೀಲಿ ಹೇಗಿದಾನೋ ಪಾಪ ಅಂತ."

"ಗೊತ್ತು ಎವರೆಟ್. ಬಂದೂಕು ಕೆಳಗಿಟ್ಟು ಅವನ ಕೈಗೆ ಫೋನ್ ಕೊಡಿ."

"ಅವರ ಕೈ ಖಾಲಿ ಇಲ್ಲ. ಎರಡು ಕಡ್ಡಿ ಉಜ್ಜಿ ಬೆಂಕಿ ಮಾಡ್ತಿದಾರೆ. ಬೆಳಿಗ್ಗೆಯಿಂದ ಉಜ್ಜುತಾನೇ ಇದಾರೆ. ಇನ್ನೂ ಹೊಗೆ ಬಂದಿಲ್ಲ. ಹೇಗೆ ಮಾಡ್ಬೇಕು ಅಂತ ನಾನೇ ಹೇಳಿಕೊಡ್ತಿದೀನಿ, ಎರಡನೇ ಕಂತಲ್ಲಿ ಇವರೇ ಹೇಳಿದ್ದು, ನನಗೆ ಬಾಯಿಪಾಠ ಇದೆ."

ಹಿಂದೆ ಯಾರೋ ಬಿಕ್ಕಿ ಬಿಕ್ಕಿ ಅಳುವ ಸದ್ದು. "ಬ್ರಿನ್... ಬ್ರಿನ್, ನನ್ನ ಕಾಲು..."

"ವೇಲನ್!" ಬ್ರಿನ್ ಫೋನಿಗೆ ಕೈ ಚಾಚಿದಳು. ಜೆರಾರ್ ಅವಳ ಭುಜ ಹಿಡಿದುಕೊಂಡ.

"ಇವತ್ತು ಮೊದಲನೇ ದಿನ," ಎಂದ ಎವರೆಟ್. "ನಲವತ್ತು ಆಗಲಿ, ನಾನೇ ಕರ್ಕೊಂಡು ಬರ್ತೀನಿ."

ಇಲ್ಮಾ ಬಾಗಿಲಾಚೆ ನೋಡಿದಳು. ಕೆರೆಯ ಮೇಲೆ ಗಾಳಿ ಬಿದ್ದುಹೋಗಿತ್ತು. ಉತ್ತರದಲ್ಲಿ ಆಕಾಶ ತೊಳೆದಿಟ್ಟಂತೆ ತಿಳಿಯಾಗುತ್ತಿತ್ತು. ಮೋಡವಿಲ್ಲದ ಈ ರಾತ್ರಿ ಕೊರೆಯುತ್ತದೆಂದು ಬೆಳಗಿನ ಹವಾಮಾನ ವರದಿಯಲ್ಲಿ ಹೇಳಿದ್ದು ನಿಜವೆಂದು ಅವಳ ಮೂಳೆಗಳಿಗೆ ತಿಳಿಯಿತು.

"ಎವರೆಟ್, ನನ್ನ ಮಾತು ಕೇಳಿ. ಜೂನ್ ಆದ್ರೂ ಇವತ್ತು ರಾತ್ರಿ ಹಿಮ ಬೀಳುತ್ತೆ, ನೀರು ಗಡ್ಡೆ ಕಟ್ಟುತ್ತೆ. ಬೆಂಕಿ ಇಲ್ಲದೆ, ಜಾಕೆಟ್ ಇಲ್ಲದೆ ಅವನು ಬೆಳಿಗ್ಗೆಗೆ ಉಳಿಯಲ್ಲ. ನೀವೂ ಉಳಿಯಲ್ಲ."

"ಗೊತ್ತು ಮೇಡಂ," ಎಂದ ಮುದುಕ ಶಾಂತವಾಗಿ. "ಅವರಿಗೂ ಅದನ್ನೇ ಹೇಳಿದೀನಿ."

ಫೋನು ಸತ್ತಿತು.